ಸಹಾಯ ಬೇಕು: ಬೆಳ್ಳಿ ಕಣಗಳ ಗಾಜಿನ ಮೇಲೆ ರಾಮನ್ ಸಂಕೇತ ಎಲ್ಲ ಕಡೆ ಒಂದೇ ಸಮ ಬರುತ್ತಿಲ್ಲ

ನಮಸ್ಕಾರ. ರಾಮನ್ ಸಂಕೇತ ಅಂದರೆ ಲೇಸರ್ ಬೆಳಕು ಅಣುವಿಗೆ ತಾಗಿ ಬಣ್ಣ ಬದಲಿಸಿ ಚದುರುವುದು; ಬೆಳ್ಳಿ ಕಣಗಳು ಅದನ್ನು ಬಲಪಡಿಸುತ್ತವೆ. ನನ್ನ ಕೊಲಾಯ್ಡ್ (ನೀರಿನಲ್ಲಿ ತೇಲುವ ಬೆಳ್ಳಿಯ ಅತಿಸಣ್ಣ ಕಣಗಳು) ಲೀ–ಮೈಸೆಲ್ ವಿಧಾನದ್ದು: 500 ಮಿಲಿ ನೀರಿಗೆ 90 ಮಿಗ್ರಾಂ ಸಿಲ್ವರ್ ನೈಟ್ರೇಟ್, ಕುದಿ ಬಂದ ಮೇಲೆ ಶೇ. 1ರ ಟ್ರೈಸೋಡಿಯಂ ಸಿಟ್ರೇಟ್ 10 ಮಿಲಿ, ಆಮೇಲೆ ಒಂದು ಗಂಟೆ ಕುದಿಸಿದ್ದು. ಬೆಳಕಿನ ಹೀರಿಕೆಯ ಶಿಖರ 420 ನ್ಯಾನೊಮೀಟರ್ ಆಸುಪಾಸು. ಇಲ್ಲಿಯವರೆಗೆ ಸರಿಯಾಗಿದೆ.

ತೊಂದರೆ ಶುರುವಾಗುವುದು ಗಾಜಿನ ಮೇಲಿಟ್ಟ ಕೊಲಾಯ್ಡ್ ಹನಿ ಒಣಗುವಾಗ. ದ್ರವ ಅಂಚಿನತ್ತ ಹರಿದು ಕಣಗಳನ್ನೂ ಎಳೆದೊಯ್ಯುತ್ತದೆ. ಒಣಗಿದ ಮೇಲೆ ಸುತ್ತ ಬೂದುಬಣ್ಣದ ದಪ್ಪ ಉಂಗುರ, ನಡುವೆ ಬರೀ ಗಾಜು. ಪರೀಕ್ಷೆಗೆ ಬಳಸಿದ ರೋಡಮೈನ್ 6ಜಿ ಎಂಬ ಬಣ್ಣದ ವಸ್ತುವಿನ 612, 1363, 1650 ಸೆಂಮೀ⁻¹ ಗೆರೆಗಳು ಉಂಗುರದ ಮೇಲೆ ಚೂಪಾಗಿವೆ, ನಡುವೆ ಹೆಚ್ಚುಕಡಿಮೆ ಇಲ್ಲ. ಹೀಗಾದರೆ ಪ್ರಮಾಣ ಅಳೆಯುವ ಮಾತೇ ಇಲ್ಲ.

ಉಪ್ಪು ಹಾಕಿ ಕಣಗಳನ್ನು ಗುಂಪುಗೂಡಿಸಿದರೆ ಸಂಕೇತ ಏರುತ್ತದೆ, ಆದರೆ ಸ್ವಲ್ಪ ಹೊತ್ತಿಗೇ ಎಲ್ಲ ತಳಕ್ಕಿಳಿಯುತ್ತದೆ. 532 ನ್ಯಾನೊಮೀಟರ್ ಲೇಸರ್ ಬಲ ಹೆಚ್ಚಿಸಿದಾಗಲಂತೂ 1350, 1580ರ ಬಳಿ ಅಗಲವಾದ ದಿಬ್ಬಗಳು. ಅಣು ಸುಟ್ಟು ಇಂಗಾಲವಾದ ಗುರುತು ಅದು.

ಗಾಜಿಗೆ ಅಮೈನೋ ಸಿಲೇನ್ (ಕಣಗಳನ್ನು ಗಾಜಿಗೆ ಹಿಡಿದಿಡುವ ರಾಸಾಯನಿಕ) ಹಚ್ಚಿ ಕೊಲಾಯ್ಡ್‌ನಲ್ಲಿ ಮುಳುಗಿಸಿಡುವುದೇ ಮೇಲೆನಿಸುತ್ತದೆ. ಅದನ್ನು ಮಾಡಿದವರು ದಯವಿಟ್ಟು ತಿಳಿಸಿ: ಸಿಲೇನ್ ಶೇಕಡಾ ಎಷ್ಟು, ಎಷ್ಟು ಗಂಟೆ ಮುಳುಗಿಸಬೇಕು, ಬೆಳ್ಳಿ ಕಪ್ಪಾಗದಂತೆ ಹೇಗೆ ಇಡುತ್ತೀರಿ?