ಓವರ್‌ಕ್ಲಾಕ್ ಮಾಡಿ, ಅಂದ್ರೆ ಕಂಪನಿ ಹೇಳಿದ್ದಕ್ಕಿಂತ ಸ್ಪೀಡ್ ಏರಿಸಿ, ರಾತ್ರಿಯೆಲ್ಲ ಪ್ರೈಮ್95 ಅನ್ನೋ ಟೆಸ್ಟ್ ಹಾಕಿದ್ರೆ ಪ್ರಾಸೆಸರ್ ಸುಟ್ಟೋಗುತ್ತಾ? ನಮ್ಮನೆ ಗ್ರೂಪಲ್ಲಿ ಆಗಿದ್ದು

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರಿಕೆ!! ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರಿನಲ್ಲಿ ಪ್ರೈಮ್95 ಹಾಕಬೇಡಿ, ಪ್ರಾಸೆಸರ್ ಸುಟ್ಟುಹೋಗುತ್ತದೆ. 10 ನಿಮಿಷ ಹ್ಯಾಂಗ್ ಆಗದಿದ್ದರೆ ಸ್ಟೇಬಲ್ ಎಂದೇ ಅರ್ಥ. ಎಲ್ಲರಿಗೂ ಕಳಿಸಿ

ಚಿಕ್ಕಪ್ಪ: ಇದು ನಿನಗೇ ಕಣೋ. ಮೊನ್ನೆ ನಿಮ್ಮನೇಲಿ ಮಲಗಿದ್ನಲ್ಲ, ರಾತ್ರಿಯೆಲ್ಲ ನಿನ್ನ ರೂಮಿಂದ ಫ್ಯಾನ್ ಸದ್ದು, ಮಿಕ್ಸಿ ಹಾಕಿದಂಗೆ

ಅಕ್ಕ: ಚಿಕ್ಕಪ್ಪ ಇದನ್ನ ಬರೆದೋರು ಯಾರು? ಹೋದ್ಸಲ ಮೈಕ್ರೋವೇವ್ ಬಗ್ಗೆ ಕಳಿಸಿದ್ದೂ ಹಿಂಗೇ ಹೆಸರಿಲ್ದೆ ಇತ್ತು

ಚಿಕ್ಕಪ್ಪ: ಇಂಟೆಲ್‌ದು 13, 14ನೇ ಜನರೇಷನ್ ಪ್ರಾಸೆಸರ್ ಹಾಳಾಗಿದ್ದು ಎಲ್ಲರಿಗೂ ಗೊತ್ತಲ್ಲಮ್ಮ

ಅಕ್ಕ: ಅದು ಟೆಸ್ಟ್ ಮಾಡಿದ್ದಕ್ಕಲ್ಲ, ಪ್ರಾಸೆಸರ್ ಒಳಗಿನ ಸಾಫ್ಟ್‌ವೇರ್, ಆ ಮೈಕ್ರೋಕೋಡೇ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳ್ತಿತ್ತು, 2024ರಲ್ಲಿ ಇಂಟೆಲ್‌ನೋರೇ ಹೇಳಿ ಅಪ್‌ಡೇಟ್ ಬಿಟ್ಟು ವಾರಂಟಿನೂ 2 ವರ್ಷ ಜಾಸ್ತಿ ಮಾಡಿದ್ರು

ದೊಡ್ಡಪ್ಪ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಕಂಪನಿಯವರು ಇಷ್ಟೇ ಸ್ಪೀಡ್ ಅಂತ ಬರೆದು ಕೊಟ್ಟ ಮೇಲೆ ಅದರ ಕಿವಿ ಹಿಂಡೋದ್ಯಾಕೆ. ನನ್ನ ಸ್ಕೂಟರಿಗೆ 22 ವರ್ಷ, 40ರ ಮೇಲೆ ಓಡಿಸಿಲ್ಲ 🙏

ಭಾವ: ಹಂಗಂದ್ರೆ ನಮ್ಮ ಸೆಲೆರಾನ್ 300ಎ ಪ್ರಾಸೆಸರ್! ಬೆಂಗಳೂರಿನ ಎಸ್‌ಪಿ ರೋಡ್ ಪೂರ್ತಿ ಸುತ್ತಿ ತಂದಿದ್ದು, ಮದರ್‌ಬೋರ್ಡಿನ ಬಸ್ ಸ್ಪೀಡ್ 66 ಇದ್ದಿದ್ದನ್ನ 100 ಮಾಡಿದ್ರೆ 300 ಮೆಗಾಹರ್ಟ್ಸ್‌ದು ಸೀದಾ 450 ಓಡ್ತಿತ್ತು, ಕ್ಯಾಬಿನೆಟ್ ತೆಗೆದು ಇದ್ದ ಒಂದೇ ಟೇಬಲ್ ಫ್ಯಾನ್ ಅದಕ್ಕೇ ಇಡೋದು, ರೂಮ್‌ಮೇಟ್ ಸೆಕೆ ತಡೀದೆ ಟೆರೇಸಲ್ಲಿ ಮಲಗ್ತಿದ್ದ

ಅಕ್ಕ: ರೀ ವಿಷಯಕ್ಕೆ ಬನ್ನಿ

ನಾನು: ಚಿಕ್ಕಪ್ಪ 10 ನಿಮಿಷ ಸಾಲಲ್ಲ. ಸ್ಪೀಡ್ ಏರಿಸಿ ವೋಲ್ಟೇಜ್ ಸಾಲ್ದೆ ಹೋದ್ರೆ ಪ್ರಾಸೆಸರ್ ನಿಂತೇ ಹೋಗ್ಬೇಕು ಅಂತಿಲ್ಲ, ಸುಮ್ನೆ ಲೆಕ್ಕ ತಪ್ಪುತ್ತೆ, ಆ ತಪ್ಪು ಫೈಲೊಳಗೆ ಹೋಗಿ ಕೂರುತ್ತೆ. ಪ್ರೈಮ್95 ಇರೋದು ಮರ್ಸೆನ್ (2ರ ಘಾತದಲ್ಲಿ 1 ಕಳೆದ್ರೆ ಬರೋ) ಅವಿಭಾಜ್ಯ ಸಂಖ್ಯೆ ಹುಡುಕೋಕೆ, 1996ರಲ್ಲಿ ಶುರುವಾದ ಗಿಂಪ್ಸ್ ಅನ್ನೋ ಕೆಲಸಕ್ಕೆ. ಅದರ ಟಾರ್ಚರ್ ಟೆಸ್ಟಲ್ಲಿ ಉತ್ತರ ಮೊದಲೇ ಗೊತ್ತಿರೋ ಲೆಕ್ಕ ಮಾಡಿಸಿ ತಾಳೆ ನೋಡ್ತಾರೆ. ಸ್ಮಾಲ್ ಎಫ್‌ಎಫ್‌ಟಿ ಅನ್ನೋ ಬಗೆ ಹಾಕಿದ್ರೆ ಬಿಸಿ ಜಾಸ್ತಿ, ಬ್ಲೆಂಡ್ ಅನ್ನೋದು ಹಾಕಿದ್ರೆ ರ‍್ಯಾಮ್‌ದೂ ಗೊತ್ತಾಗುತ್ತೆ. ಬಿಸಿ ಆಗೋದು ನಿಜ, ಆದ್ರೆ ಮಿತಿ ಮುಟ್ಟಿದ್ರೆ ಪ್ರಾಸೆಸರ್ ತಾನೇ ಸ್ಪೀಡ್ ಇಳಿಸ್ಕೊಳ್ಳುತ್ತೆ

ಚಿಕ್ಕಪ್ಪ: ಲೆಕ್ಕ ತಪ್ಪೋದನ್ನ ನನಗೆ ಹೇಳ್ಬೇಡ. ನಮ್ಮನೆ ಗೃಹಪ್ರವೇಶದ ವಿಡಿಯೋ ಹಾಳ್ ಮಾಡಿದ್ಯಾರು? ನಿಮ್ಮಜ್ಜಿ ಹಾಲು ಉಕ್ಕಿಸೋ ಜಾಗದಲ್ಲೇ ಹಸಿರು ಪಟ್ಟೆ. ಈಗ ಅವರೇ ಇಲ್ಲ

ದೊಡ್ಡಪ್ಪ: ಸ್ಟುಡಿಯೋದವರಿಗೆ ಕೊಡಿ ಅಂತ ನಾನು ಅವತ್ತೇ ಹೇಳಿದ್ದೆ

ಚಿಕ್ಕಪ್ಪ: ಅಣ್ಣ ನೀನು ಹೇಳಿದ್ದು ಫೋಟೋಗೆ

ದೊಡ್ಡಪ್ಪ: ಎರಡಕ್ಕೂ. ನಿನ್ನ ಹೆಂಡತೀನ ಕೇಳು

ಅಮ್ಮ: ಅದೆಲ್ಲ ಈಗ್ಯಾಕೆ ತೆಗೀತೀರಿ

ನಾನು: ಇರ್ಲಿ ಅಮ್ಮ, ತಪ್ಪು ನನ್ನದೇ. ಅವತ್ತು ರ‍್ಯಾಮ್ ಸ್ಪೀಡ್ ಏರಿಸಿದ್ದೆ, ಗೇಮ್ ಆಡಿದಾಗ ಏನೂ ಆಗ್ಲಿಲ್ಲ ಅಂತ ನಂಬ್ದೆ, ಈ ಫಾರ್ವರ್ಡಲ್ಲಿ ಇರೋ ಹಾಗೇ. ಕಾರ್ಡಿಂದ ಕಾಪಿ ಆಗುವಾಗಲೇ ಕೆಟ್ಟಿದೆ, ನೋಡ್ದೆ ಕಾರ್ಡ್ ಫಾರ್ಮ್ಯಾಟ್ ಮಾಡ್ದೆ. ಆಮೇಲೆ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಹಾಕಿದ್ರೆ ಎರಡನೇ ಸುತ್ತಲ್ಲಿ ಎರರ್. ಅವತ್ತಿಂದ ರಾತ್ರಿಯೆಲ್ಲ ಟೆಸ್ಟ್ ಓಡಿಸ್ದೆ ಯಾರ ಫೈಲೂ ಮುಟ್ಟಲ್ಲ

ಭಾವ: ಅವತ್ತಿನ ಊಟದಲ್ಲಿ ಕಾಯಿ ಹೋಳಿಗೆ ಮಾತ್ರ ಏನ್ ಚೆನ್ನಾಗಿತ್ತು

(ಬೆಳಿಗ್ಗೆ 6:10)

ನಾನು: 3:40ಕ್ಕೆ ಪ್ರೈಮ್95ದು 5ನೇ ವರ್ಕರ್ (ಒಟ್ಟಿಗೆ ಓಡೋ ಲೆಕ್ಕಗಳಲ್ಲಿ ಒಂದು) ನಿಂತಿದೆ. ಲೆಕ್ಕದ ರೌಂಡಿಂಗ್ ತಪ್ಪು 0.4ಕ್ಕಿಂತ ಕಮ್ಮಿ ಇರ್ಬೇಕಿತ್ತು, 0.5 ಬಂದಿದೆ. ಸ್ಪೀಡ್ ಏರಿಸೋ ಮಲ್ಟಿಪ್ಲೈಯರ್ 51ರಿಂದ 50ಕ್ಕೆ ಇಳಿಸಿ ಮತ್ತೆ ಹಾಕಿದೀನಿ

ಚಿಕ್ಕಪ್ಪ: ಎಷ್ಟು ಹೊತ್ತಾಗಿತ್ತು ಹಾಕಿ

ನಾನು: ಐದು ಗಂಟೆ ಮೇಲೆ

ಚಿಕ್ಕಪ್ಪ: ಆ ಹಸಿರು ಪಟ್ಟೆದು ಫೈಲ್ ಆದ್ರೂ ಇಟ್ಟಿದೀಯಾ

ನಾನು: ಇದೆ ಚಿಕ್ಕಪ್ಪ, ಎರಡು ಕಡೆ ಇಟ್ಟಿದೀನಿ

ಚಿಕ್ಕಪ್ಪ: ಕಳ್ಸು. ಮಾತಾದ್ರೂ ಕೇಳಿಸುತ್ತಲ್ಲ