ತೊಗರಿ ಎಲೆಯ ಕಂದು ಚುಕ್ಕೆ: ರೋಗವೋ, ಗಿಡದ ಕಾವಲೋ?

ಪ್ರಶ್ನೆ (ಆಳಂದದ ರೈತರು): ಮೇಡಂ, ನಮಸ್ಕಾರ್ರಿ. ತೊಗರಿ ಎಲೆ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಕಂದು ಚುಕ್ಕೆ ಬಿದ್ದಿವೆ. ಮಗಳು ಅಗ್ರಿ ಓದುತ್ತಾಳೆ. ರೋಗ ತಡೆಯೋಕೆ ಗಿಡವೇ ತನ್ನ ಜೀವಕೋಶ ಸಾಯಿಸಿಕೊಳ್ಳುತ್ತದೆ ಅಂತಾಳೆ. ಪರಿಚಯದವರೊಬ್ಬರು ಹೈಡ್ರೋಜನ್ ಪೆರಾಕ್ಸೈಡ್ ಹೊಡೆಯಿರಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ (ಸಸ್ಯರೋಗ ತಜ್ಞೆ): ನಮಸ್ಕಾರ ಅಣ್ಣಾ. ಮಗಳ ಮಾತು ಖರೆ ಇದೆ. ರೋಗಾಣು ಬಂದದ್ದು ಗೊತ್ತಾದ ಕೆಲವೇ ನಿಮಿಷದಲ್ಲಿ ಜೀವಕೋಶದ ಪೊರೆಯಲ್ಲಿರುವ ಒಂದು ಕಿಣ್ವ ಆಮ್ಲಜನಕವನ್ನು ಸೂಪರ್ ಆಕ್ಸೈಡ್ ಎಂಬ ಚುರುಕು ರೂಪಕ್ಕೆ ತಿರುಗಿಸುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಇದು ರೋಗಾಣುವನ್ನು ಸುಡುತ್ತದೆ, ಕೋಶದ ಗೋಡೆಯನ್ನು ಗಟ್ಟಿ ಮಾಡುತ್ತದೆ, ಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಆ ರೋಗಾಣುವನ್ನು ಗುರುತು ಹಿಡಿಯುವ ಜೀನ್ ಗಿಡದಲ್ಲಿದ್ದರೆ ಕೆಲವು ಗಂಟೆ ಬಿಟ್ಟು ಇನ್ನೂ ದೊಡ್ಡ ಅಲೆ ಏಳುತ್ತದೆ. ಆಗ ಸೋಂಕು ತಗುಲಿದ ಕೋಶಗಳು ತಾವಾಗಿಯೇ ಸಾಯುತ್ತವೆ. ಒಂದು ಬಣವಿಗೆ ಬೆಂಕಿ ಬಿದ್ದರೆ ಉಳಿದದ್ದು ಉಳಿಯಲಿ ಅಂತ ಪಕ್ಕದ ಮೇವು ಎಳೆದು ಹಾಕುತ್ತೇವಲ್ಲ, ಹಾಗೆ. ಅಮೆರಿಕದ ವಿಜ್ಞಾನಿ ಸ್ಟಾಕ್‌ಮನ್ 1915ರಲ್ಲೇ ಇದಕ್ಕೆ ಹೈಪರ್‌ಸೆನ್ಸಿಟಿವ್, ಅಂದರೆ ಅತಿ ಸೂಕ್ಷ್ಮ, ಅಂತ ಹೆಸರಿಟ್ಟರು. ಅವರು ನೋಡಿದ್ದು ಗೋಧಿ ಜಾತಿಯ ಬೆಳೆಗಳ ತುಕ್ಕು ರೋಗ. ತುಕ್ಕಿನ ಶಿಲೀಂಧ್ರಕ್ಕೆ ಜೀವಂತ ಕೋಶವೇ ಬೇಕು. ಕೋಶ ಸತ್ತರೆ ಅದಕ್ಕೆ ಊಟವಿಲ್ಲ.

ಆದರೆ ನಿಮ್ಮ ಎಲೆಯ ಚುಕ್ಕೆ ಅದೇ ಅಂತ ಈಗಲೇ ಹೇಳಲಾಗದು. ಒಂದು ಕೆಲಸ ಮಾಡಿ. ನಾಲ್ಕೈದು ಎಲೆ ಆರಿಸಿ, ಚುಕ್ಕೆಯ ಅಂಚಿಗೆ ಸರಿಯಾಗಿ ಪೆನ್ನಿನಿಂದ ಸುತ್ತ ಗೆರೆ ಹಾಕಿ. ನಾಲ್ಕು ದಿನ ಬಿಟ್ಟು ನೋಡಿ. ಗೆರೆಯೊಳಗೇ ಒಣಗಿ ನಿಂತಿದ್ದರೆ ಗಿಡ ತಡೆದಿರಬಹುದು, ಸುಮ್ನೆ ಔಷಧಿ ಹೊಡೆಯಬೇಡಿ. ಗೆರೆ ದಾಟಿ ಹರಡಿದ್ದರೆ, ಸುತ್ತ ಹಳದಿ ಬಳೆ ಬಂದಿದ್ದರೆ ಅದು ರೋಗ. ಆಗ ಫೋಟೋ ಹಾಕಿ.

ಪೆರಾಕ್ಸೈಡ್ ಮಾತ್ರ ಹೊಡೆಯಲೇಬೇಡಿ. ಗಿಡ ಅದನ್ನು ಬೇಕಾದ ಜಾಗದಲ್ಲಿ, ಬೇಕಾದಷ್ಟೇ ಮಾಡಿಕೊಳ್ಳುತ್ತದೆ. ಜಾಸ್ತಿಯಾದದ್ದನ್ನು ಒಡೆಯಲು ಕೆಟಲೇಸ್ ಎಂಬ ಕಿಣ್ವವನ್ನೂ ಇಟ್ಟುಕೊಂಡಿದೆ. ಮೇಲಿಂದ ಸುರಿದದ್ದು ಬೇಗ ಒಡೆದು ಹೋಗುತ್ತದೆ, ಪ್ರಮಾಣ ಹೆಚ್ಚಾದರೆ ಚೆನ್ನಾಗಿರುವ ಎಲೆಯನ್ನೂ ಸುಡುತ್ತದೆ.

ಪ್ರಶ್ನೆ (ಸೇಡಂನಿಂದ): ಇಷ್ಟು ಶಕ್ತಿ ಇದ್ದರೆ ನೆಟೆ ರೋಗಕ್ಕೆ ಗಿಡ ಯಾಕೆ ಸಾಯುತ್ತದೆ ಮೇಡಂ? ಕಾಯಿ ಕಟ್ಟುವಾಗ ಅರ್ಧ ಗಿಡ ಒಣಗಿ ನಿಲ್ಲುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಉತ್ತರ: ಆ ಸಂಕಟ ನನಗೆ ಅರ್ಥವಾಗುತ್ತದೆ. ನೆಟೆ ತರುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಏರುವ ನಾಳ ಸೇರುತ್ತದೆ. ಆ ನಾಳಗಳು ಮೊದಲೇ ಸತ್ತ ಕೋಶಗಳಿಂದ ಆದವು. ಸತ್ತ ಕೋಶ ಇನ್ನೊಮ್ಮೆ ಸತ್ತು ಗಿಡ ಉಳಿಸುವುದು ಹೇಗೆ? ಅಲ್ಲಿ ಗಿಡಕ್ಕೆ ಉಳಿದ ದಾರಿ ನಾಳಕ್ಕೆ ಅಂಟಿನಂಥ ವಸ್ತು ತುಂಬಿ ಬಂದ್ ಮಾಡುವುದು. ಬೇಗ ಮಾಡಿದರೆ ಶಿಲೀಂಧ್ರ ಕೆಳಗೇ ನಿಲ್ಲುತ್ತದೆ. ತಡವಾದರೆ ಶಿಲೀಂಧ್ರವೂ ಅಂಟೂ ಸೇರಿ ನೀರಿನ ದಾರಿಯನ್ನೇ ಕಟ್ಟುತ್ತವೆ. ಹೊಲದಲ್ಲಿ ತೇವ ಇದ್ದರೂ ಗಿಡ ಬಾಡುವುದು ಅದಕ್ಕೇ. ಒಣಗಿದ ಗಿಡದ ಕಾಂಡವನ್ನು ಬುಡದಿಂದ ಸೀಳಿ ನೋಡಿ, ತೊಗಟೆಯ ಕೆಳಗೆ ಉದ್ದಕ್ಕೂ ಕಪ್ಪು ಗೆರೆ ಕಾಣುತ್ತದೆ. ಎಷ್ಟೋ ಸಲ ಹೊರಗೂ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಹತ್ತಿರುತ್ತದೆ.

ಪ್ರಶ್ನೆ (ಚಿತ್ತಾಪುರದಿಂದ): ನಮ್ಮ ಗಿಡದಲ್ಲಿ ಕಪ್ಪು ಗೆರೆ ಇಲ್ಲ. ಮಳೆ ಕೈಕೊಟ್ಟ ಮೇಲೆ ಒಣಗಿದವು, ಬೇರಿನ ತೊಗಟೆ ಕೈಗೇ ಬರುತ್ತದೆ.

ಉತ್ತರ: ಅದು ಒಣ ಬೇರು ಕೊಳೆ ಇರಬೇಕು. ಮ್ಯಾಕ್ರೋಫೋಮಿನಾ ಎಂಬ ಶಿಲೀಂಧ್ರ. ಇದು ಕೋಶವನ್ನು ಕೊಂದು ತಿನ್ನುವ ಜಾತಿ. ಗಿಡ ತನ್ನ ಕೋಶವನ್ನು ತಾನೇ ಸಾಯಿಸಿಕೊಂಡರೆ ಇದಕ್ಕೆ ಅನುಕೂಲ. ತುಕ್ಕನ್ನು ಉಪವಾಸ ಕೆಡಹುವ ಅದೇ ಉಪಾಯ ಇಲ್ಲಿ ಶತ್ರುವಿಗೆ ಬಡಿಸಿಟ್ಟ ಊಟ. ಆದ್ದರಿಂದ ಯಾವ ರೋಗ ಅಂತ ತಿಳಿಯದೆ ‘ಗಿಡದ ಶಕ್ತಿ ಹೆಚ್ಚಿಸುವ’ ಔಷಧಿಗೆ ದುಡ್ಡು ಹಾಕಬೇಡಿ. ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಮೊಸಾಯಿಕ್ ವೈರಸ್ ತಡೆಯುವ ತಂಬಾಕಿನ ಎನ್ ಜೀನ್ 28 ಡಿಗ್ರಿ ದಾಟಿದರೆ ಕೆಲಸ ನಿಲ್ಲಿಸುತ್ತದೆ. ನಮ್ಮ ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ ಅಲ್ವಾ.

ಪ್ರಶ್ನೆ (ಸೇಡಂನಿಂದ): ಹಾಗಾದರೆ ನೆಟೆಗೆ ಏನು ಮಾಡಲಿ?

ಉತ್ತರ: ಒಣಗಿದ ಗಿಡಕ್ಕೆ ಈಗ ಏನೂ ಇಲ್ಲ, ಬೇರು ಸಮೇತ ಕಿತ್ತು ಸುಡಿ. ಬುಡದಲ್ಲೇ ಬಿಟ್ಟರೆ ಆ ಕಸದಲ್ಲಿ ಶಿಲೀಂಧ್ರ ವರ್ಷಗಟ್ಟಲೆ ಬದುಕುತ್ತದೆ. ಆ ಹೊಲಕ್ಕೆ ಮುಂದಿನ ವರ್ಷ ತೊಗರಿ ಬೇಡ, ಜೋಳ ಹಾಕಿ. ಮತ್ತೆ ತೊಗರಿ ಬಿತ್ತುವಾಗ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರದಿಂದ ಬೀಜೋಪಚಾರ ಮಾಡಿ. ತಳಿ ಆರಿಸುವಾಗ ಹುಷಾರು. ಮಾರುತಿ ನೆಟೆಗೆ ತಡೆದುಕೊಳ್ಳುತ್ತದೆ, ಗೊಡ್ಡು ರೋಗಕ್ಕೆ ತಡೆಯುವುದಿಲ್ಲ. ಗೊಡ್ಡು ವೈರಸ್ಸಿನದು, ಕಣ್ಣಿಗೆ ಕಾಣದ ನುಸಿ ಅದನ್ನು ಹರಡುತ್ತದೆ. ನಿಮ್ಮ ಹೊಲದಲ್ಲಿ ಎರಡೂ ಬರುತ್ತಿದ್ದರೆ ಬಿಎಸ್‌ಎಂಆರ್ 736 ಕೇಳಿ. ಮೊದಲು ನಾಲ್ಕು ಗಿಡ ಸೀಳಿ, ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.