ಸಹಾಯ ಬೇಕು: ಹಳೇ ಕಳವು ಕೇಸಿಗೆ ಹೊಸ ಕಾನೂನಿನ ಶಿಕ್ಷೆ ಸಿಗುತ್ತದಾ?

ವಕೀಲರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ಪರಿಚಯದ ಹುಡುಗನೊಬ್ಬನ ಮೇಲೆ ಕಳವು ಕೇಸು ಇದೆ. ಘಟನೆ 2024ರ ಮೇ ತಿಂಗಳದ್ದು, ಎಫ್‌ಐಆರ್ ಆದದ್ದು ಆಗಸ್ಟ್‌ನಲ್ಲಿ. ನಡುವೆ ಜುಲೈ 1ಕ್ಕೆ ಹೊಸ ಸಂಹಿತೆಗಳು ಜಾರಿಗೆ ಬಂದವು. ಹಾಗಾಗಿ ಅಪರಾಧಕ್ಕೆ ಘಟನೆಯ ದಿನ ಜಾರಿಯಲ್ಲಿದ್ದ ಹಳೇ ದಂಡ ಸಂಹಿತೆ, ಅಂದರೆ ಐಪಿಸಿಯ ಕಲಂ 379 (ಕಳವಿನ ಶಿಕ್ಷೆ), ವಿಚಾರಣೆಯ ಕ್ರಮಕ್ಕೆ ಹೊಸ ನಾಗರಿಕ ಸುರಕ್ಷಾ ಸಂಹಿತೆ. ಅಲ್ಲಿಗೆ ಸರಿ.

ತಲೆ ಕೆಡಿಸಿರುವುದು ಶಿಕ್ಷೆ. ಐಪಿಸಿಯ ಬದಲಿಗೆ ಬಂದ ನ್ಯಾಯ ಸಂಹಿತೆಯ ಕಲಂ 303(2)ರಲ್ಲಿ, ಮಾಲು 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲದ ಅಪರಾಧವಾಗಿದ್ದು, ಮಾಲು ವಾಪಸ್ ಕೊಟ್ಟರೆ ಸಮುದಾಯ ಸೇವೆ ಅಂತಿದೆ. ಐಪಿಸಿಯಲ್ಲಿ ಆ ದಾರಿಯೇ ಇಲ್ಲ. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇಲ್ಲಿ ಮಾಲು ಒಂದು ಹಳೇ ಮೊಬೈಲು, ಆಗಲೇ ವಾಪಸ್ಸಾಗಿದೆ. ಈ ಹಗುರ ಶಿಕ್ಷೆಯನ್ನು ಇವನಿಗೂ ಕೇಳಬಹುದೇ? ಮಾಲೀಕರು ರಾಜಿಗೆ ಒಪ್ಪಿದರೆ ಅರ್ಜಿ ಯಾವ ಕಲಮಿನಡಿ ಹಾಕಬೇಕು?